ಕಾಲಿಂಚಿನ ಬೋಲ್ಟು

ಕಾರಿನ ಎಂಜಿನ್ನಿನ ತಳದಲ್ಲಿ ಬಾಣಲೆಯಂತಹ ಒಂದು ತಗಡಿನ ಪಾತ್ರೆ ಇರುತ್ತದೆ. ಆಯಿಲ್ ಪ್ಯಾನ್ ಎಂದು ಅದರ ಹೆಸರು. ನಮ್ಮ ಕಡೆಯ ಮೆಕ್ಯಾನಿಕರ ಬಾಯಲ್ಲಿ ಅದು ಆಯಿಲ್ ಚೇಂಬರ್. ಎಂಜಿನ್ನಿನ ಒಳಗೆಲ್ಲ ಸುತ್ತಾಡಿ ದಣಿದ ಎಣ್ಣೆ ಇಳಿದು ಬಂದು ತಂಗುವುದು ಅದರಲ್ಲಿ. ಪಂಪು ಅದನ್ನು ಮತ್ತೆ ಮೇಲಕ್ಕೆತ್ತಿ ದುಡಿಮೆಗೆ ಕಳುಹಿಸುವುದೂ ಅಲ್ಲಿಂದಲೇ. ಈ ಪಾತ್ರೆಯನ್ನು ಎಂಜಿನ್ನಿಗೆ ಹಿಡಿದು ನಿಲ್ಲಿಸಿರುವುದು ಅಂಚಿನ ಸುತ್ತ ಸಾಲಾಗಿ ಕುಳಿತ, ಕಿರುಬೆರಳಿಗಿಂತಲೂ ಸಣ್ಣನೆಯ ಬೋಲ್ಟುಗಳು. ಕಾರು ಕೊಂಡು ಹದಿನಾಲ್ಕು ವರ್ಷಗಳಾದರೂ ಅವು ಅಲ್ಲಿವೆ ಎಂಬುದೇ ನನಗೆ ತಿಳಿದಿರಲಿಲ್ಲ.

2017ರಲ್ಲಿ ನನ್ನ ತಾಯಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ನಡೆಯುತ್ತಿತ್ತು. ಮಳವಳ್ಳಿಯ ನಮ್ಮ ಮನೆಯಿಂದ ಮಂಡ್ಯದ ಆಸ್ಪತ್ರೆಗೆ ಬೆಳಗಿನ ಜಾವದಲ್ಲೇ ಹೊರಡಬೇಕಿತ್ತು. ನಮ್ಮ ಮಾರುತಿ 800 ಹಳೆಯದಾದರೂ ಒಂದು ದಿನವೂ ಕೈಕೊಟ್ಟಿರಲಿಲ್ಲ. ಒಂದು ಸಂಜೆ ಹಿಂದಿರುಗುವಾಗ ಭಾರತೀನಗರದ ಬಳಿ ಕಬ್ಬಿನ ಗಾಡಿಗಳ ಸಾಲನ್ನು ದಾಟಿ ಬರುತ್ತಿದ್ದೆ. ಮಬ್ಬಿನಲ್ಲಿ ರಸ್ತೆಯುಬ್ಬು ಕಾಣಲಿಲ್ಲ. ಕಾರಿನ ಹೊಟ್ಟೆಗೆ ಏನೋ ಬಡಿದ ಸದ್ದಾಯಿತು. ಮನೆ ಸೇರಿ ನೋಡಿದರೆ ಅಂಗಳದಲ್ಲಿ ಕಪ್ಪು ಎಣ್ಣೆಯ ಮಡು.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಯುವಕ ಸಣ್ಣದೊಂದು ಗ್ಯಾರೇಜು ನಡೆಸುತ್ತಿದ್ದ. ಅವನು ಬಂದು ಒಡೆದ ಪ್ಯಾನನ್ನು ಬಿಚ್ಚಿದ. ಬಿಚ್ಚುವ ಮುನ್ನ ಹಳೆಯ ಸಿಹಿತಿಂಡಿಯ ಡಬ್ಬದ ಮುಚ್ಚಳದ ಮೇಲೆ ಪ್ಯಾನಿನ ಆಕಾರವನ್ನು ಬರೆದುಕೊಂಡು, ಒಂದೊಂದು ಬೋಲ್ಟು ಹೊರಬಂದಂತೆ ಆ ರಟ್ಟಿನಲ್ಲಿ ಅದರದರ ಸ್ಥಾನಕ್ಕೆ ಚುಚ್ಚಿ ನಿಲ್ಲಿಸಿದ. ಮಕ್ಕಳ ಆಟದಂತಿದೆಯಲ್ಲ ಎಂದು ನಾನು ನಕ್ಕೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬೋಲ್ಟಿನ ವಿಷಯದಲ್ಲಿ ಈ ಹುಡುಗನಿಂದ ನಾನು ಕಲಿಯಬೇಕಾದದ್ದು ಏನಿದೆ ಎಂಬ ಭಾವ ನನ್ನದು.

ಕೊನೆಗೆ ರಟ್ಟಿನಲ್ಲಿ ಎರಡು ತೂತುಗಳು ಖಾಲಿ ಉಳಿದವು. ಒಂದು ಬೋಲ್ಟು ಎಂದೋ ಉದುರಿಹೋಗಿತ್ತು. ಇನ್ನೊಂದರ ತಲೆ ತುಕ್ಕು ತಿಂದು ಸವೆದಿತ್ತು. ಅವನು ಹೊಸ ಪ್ಯಾನನ್ನು ಕೂರಿಸಿ, ಉಳಿದ ಬೋಲ್ಟುಗಳನ್ನು ಬಿಗಿದು ಹೇಳಿದ: “ಸಾರ್, ಇದು ಎಂ 6. ಹತ್ತನೇ ನಂಬರ್ ಸ್ಪ್ಯಾನರ್ ಹಿಡಿಯುತ್ತೆ. ಎರಡು ಬೇಕು. ಮಾದರಿಗೆ ಹಳೆಯದೊಂದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ನಾನು ಹಲಗೂರಿಗೆ ಮದುವೆಗೆ ಹೋಗಬೇಕು. ನಾಳೆ ಬೆಳಿಗ್ಗೆ ಐದಕ್ಕೆ ಬಂದು ಹಾಕಿಕೊಡುತ್ತೇನೆ.”

ಬಸ್ಸಿನಲ್ಲಿ ಮದ್ದೂರಿಗೆ ಹೋದೆ. ಮಾದರಿಯ ಬೋಲ್ಟನ್ನು ಮೇಜಿನ ಮೇಲೆಯೇ ಮರೆತಿದ್ದೆ. ಮರೆತೆ ಎನ್ನುವುದಕ್ಕಿಂತ ಅದು ಬೇಕೆಂದು ನನಗೆ ಅನಿಸಿರಲಿಲ್ಲ. ಬಿಡಿಭಾಗಗಳ ಅಂಗಡಿಯವರು, ಸಂಜೆ ಬೆಂಗಳೂರಿನಿಂದ ಪಾರ್ಸೆಲ್ ಬರುತ್ತದೆ, ಕಾಯಿರಿ ಎಂದರು. ಕಾಯುವ ತಾಳ್ಮೆ ನನಗಿರಲಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗೇಟು, ಷಟರು, ನೇಗಿಲುಗಳಿಗೆ ಬೇಕಾದ ಕಬ್ಬಿಣದ ಸಾಮಾನು ಮಾರುವ ಇನ್ನೊಂದು ಅಂಗಡಿ. ಬೋಲ್ಟುಗಳು ಅಲ್ಲಿ ತಟ್ಟೆಗಟ್ಟಲೆ ಇದ್ದವು. ಕಣ್ಣಳತೆಯಲ್ಲಿ ಎರಡನ್ನು ಆರಿಸಿದೆ. ಹೊಸತು, ಹೊಳೆಯುತ್ತಿದ್ದವು, ಅದೇ ಉದ್ದ, ಹೆಚ್ಚುಕಡಿಮೆ ಅದೇ ದಪ್ಪ. ಎರಡಕ್ಕೂ ಸೇರಿ ಕೊಟ್ಟದ್ದು ಆರು ರೂಪಾಯಿ.

ಅಂದು ರಾತ್ರಿ ಟಾರ್ಚು ಹಿಡಿದು ನಾನೇ ಕಾರಿನ ಕೆಳಗೆ ತೂರಿದೆ. ಬೆಳಿಗ್ಗೆ ಐದಕ್ಕೆ ಅವನು ಬಾರದಿದ್ದರೆ ಎಂಬ ಆತಂಕವಿತ್ತು, ನಿಜ. ಆದರೆ ಅವನಿಲ್ಲದೆಯೂ ಆಗುತ್ತದೆ ಎಂದು ತೋರಿಸುವ ಚಪಲವೂ ಅದರ ಜೊತೆಗಿತ್ತು. ಮೊದಲ ಬೋಲ್ಟು ಬೆರಳಿನಲ್ಲಿ ಒಂದು ಸುತ್ತು ಹೋಯಿತು, ಎರಡನೆಯ ಸುತ್ತಿಗೆ ಬಿಗಿಯಾಯಿತು. ಹತ್ತನೇ ನಂಬರಿನ ಸ್ಪ್ಯಾನರು ಅದರ ತಲೆಗೆ ಕೂರಲೊಲ್ಲದು. ಎಚ್ಚರಗೊಳ್ಳಬೇಕಾದ ಕ್ಷಣ ಅದೇ ಆಗಿತ್ತು. ನಾನು ತಿರುಗಿಸಿ ಬಿಗಿಯುವ ಸ್ಪ್ಯಾನರು ತಂದು, ಅದರ ಹಿಡಿಗೆ ಅರ್ಧ ಮೀಟರಿನ ಕೊಳವೆ ಸಿಕ್ಕಿಸಿ ಎಳೆದೆ. ಎಂ 6 ಬೋಲ್ಟಿಗೆ ಸಾಮಾನ್ಯವಾಗಿ ಬೇಕಾಗುವ ಬಿಗಿತ ಹತ್ತು ನ್ಯೂಟನ್ ಮೀಟರಿನಷ್ಟು. ಎಂದರೆ ಆ ಕೊಳವೆಯ ತುದಿಯಲ್ಲಿ ಎರಡು ಕಿಲೋ ತೂಕ ತೂಗುಬಿಟ್ಟರೆ ಸಾಕು. ನಾನು ಹಾಕಿದ್ದು ನನ್ನ ತೋಳಿನ ಬಲವನ್ನೆಲ್ಲ. ಕಿರ್ ಎಂಬ ಸದ್ದಿನೊಡನೆ ಎರಡೂ ಒಳಗೆ ಹೋದವು. ತೃಪ್ತಿಯಿಂದ ಎದ್ದು ಬಂದು, ಬೆಳಿಗ್ಗೆ ಬರುವ ಅಗತ್ಯವಿಲ್ಲ ಎಂದು ಅವನಿಗೆ ಫೋನು ಮಾಡಿದೆ.

ಮರುದಿನ ಭಾರತೀನಗರ ತಲುಪುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ. ಕೆಳಗಿನಿಂದ ಹೊಗೆ. ಒಂದು ಬೋಲ್ಟು ಬಿದ್ದೇಹೋಗಿತ್ತು. ಪ್ಯಾನಿನ ಅಂಚು ಬಾಯಿಬಿಟ್ಟು, ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕುತ್ತಿತ್ತು. ತಾಯಿಯನ್ನು ರಸ್ತೆ ಬದಿಯ ಜಗುಲಿಯೊಂದರ ಮೇಲೆ ಕೂರಿಸಿದೆ. ಬಾಡಿಗೆ ಕಾರು ಗೊತ್ತುಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಊದಿದ ಕಾಲುಗಳನ್ನು ಚಾಚಿ ಕುಳಿತಿದ್ದ ಅವರು, “ಆ ಹುಡುಗ ನೆಟ್ಟಗೆ ಬಿಗಿದಿಲ್ಲ ಅಂತ ಕಾಣುತ್ತೆ” ಎಂದರು. ನಾನು ಸುಮ್ಮನಿದ್ದೆ.

ಅಷ್ಟರಲ್ಲಿ ನನ್ನ ಕರೆಗೆ ಓಗೊಟ್ಟು ಅವನೂ ಬೈಕಿನಲ್ಲಿ ಬಂದ. ಬಗ್ಗಿ ನೋಡಿದ, ಉಳಿದಿದ್ದ ಬೋಲ್ಟನ್ನು ಬೆರಳಿನಿಂದ ಮುಟ್ಟಿದ, ನನ್ನ ಮುಖ ನೋಡಿದ. ತಾಯಿ ಅವನನ್ನು ಎಲ್ಲರೆದುರು ಗದರಿದರು. ವಯಸ್ಸಾದವರ ಜೀವದ ಜೊತೆ ಆಟವಾಡಬಹುದೇ ಎಂದು ಕೇಳಿದರು. ಅವನು ತಲೆತಗ್ಗಿಸಿ, “ತಪ್ಪಾಯ್ತಮ್ಮ” ಎಂದ. ಆಗಲೂ ನಾನು ಬಾಯಿ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ತಾಯಿಯನ್ನು ಯಂತ್ರಕ್ಕೆ ಜೋಡಿಸಿದ ಮೇಲೆ ನಾಲ್ಕು ಗಂಟೆಗಳ ಬಿಡುವು. ಅವನು ಕಾರನ್ನು ಎಳೆಸಿಕೊಂಡು ಮಂಡ್ಯದ ಒಂದು ಲೇತ್ ಅಂಗಡಿಗೆ ತಂದಿದ್ದ. ಅಲ್ಲಿನ ವೃದ್ಧ ಟರ್ನರ್ ಮೇಜಿನ ಸೆಳೆಯಿಂದ ಬಾಚಣಿಗೆಯಂತೆ ಹಲ್ಲುಗಳಿದ್ದ ತೆಳುತಗಡುಗಳ ಒಂದು ಗೊಂಚಲನ್ನು ತೆಗೆದರು. ಬೋಲ್ಟಿನ ಮೈಮೇಲಿನ ಸುತ್ತುಗಳಿಗೆ ತ್ರೆಡ್ ಎನ್ನುತ್ತಾರಲ್ಲ, ಅವುಗಳ ನಡುವಣ ಅಂತರವನ್ನು ಅಳೆಯುವ ಸಾಧನ ಅದು. ಹಳೆಯ ಬೋಲ್ಟಿನ ಮೇಲೆ ಒಂದು ಮಿಲಿಮೀಟರಿನ ತಗಡನ್ನಿಟ್ಟು ಬೆಳಕಿಗೆ ಹಿಡಿದರು. ನಡುವೆ ಬೆಳಕು ತೂರಲಿಲ್ಲ. ನಾನು ತಂದ ಬೋಲ್ಟಿನ ಮೇಲಿಟ್ಟರು. ಹಲ್ಲುಗಳ ಸಂದಿನಲ್ಲೆಲ್ಲ ಬೆಳಕು. “ಇದು ಎರಡು ನೂಲಿಂದು” ಎಂದರು. ಬಡಗಿಗಳ ಲೆಕ್ಕದ ಎರಡು ನೂಲು ಎಂದರೆ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಎಂ 6ಕ್ಕಿಂತ ಅದು ದಪ್ಪವಾಗಿರುವುದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದರೆ ಅದರಲ್ಲಿ ಇಂಚಿಗೆ ಇಪ್ಪತ್ತು ಸುತ್ತು; ಸುತ್ತಿನಿಂದ ಸುತ್ತಿಗೆ 1.27 ಮಿಲಿಮೀಟರ್. ಒಂದು ಸೆಂಟಿಮೀಟರಿನಲ್ಲಿ ಎಂ 6ಕ್ಕೆ ಹತ್ತು ಸುತ್ತುಗಳಾದರೆ ಇದಕ್ಕೆ ಎಂಟೂ ತುಂಬದು. ಪೂರಾ ಬೇರೆಯಾದ ಬೋಲ್ಟಾಗಿದ್ದರೆ ತೂತಿನ ಬಾಯಲ್ಲೇ ನಿಲ್ಲುತ್ತಿತ್ತು, ಕೆಡುಕಾಗುತ್ತಿರಲಿಲ್ಲ. ಹೆಚ್ಚುಕಡಿಮೆ ಸರಿಯಾಗಿದ್ದುದರಿಂದಲೇ ಅದು ಒಳಹೊಕ್ಕು ಎಂಜಿನ್ನಿನ ತ್ರೆಡ್ಡನ್ನು ಅರೆದುಹಾಕಿತ್ತು.

ಒಂದೇ ತಟ್ಟೆಯಲ್ಲಿ ಎರಡು ಲೋಕಗಳ ಬೋಲ್ಟುಗಳು ಬೆರೆಯುವುದಕ್ಕೆ ಹಿಂದಿನ ಕಥೆಯೊಂದಿದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಾರ್ಖಾನೆಗೊಂದು ತ್ರೆಡ್ಡಿನ ಲೆಕ್ಕವಿತ್ತು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ. ಅವನ ಸುತ್ತಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಕ್ರಮವನ್ನು ಮುಂದಿಟ್ಟ. ಅಳತೆ ಹೊಂದದಿದ್ದರೆ ಏನಾಗುತ್ತದೆಂಬುದನ್ನು 1904ರಲ್ಲಿ ಬಾಲ್ಟಿಮೋರ್ ನಗರ ಕಂಡಿತು. ನಗರ ಹೊತ್ತಿ ಉರಿಯುವಾಗ ನೆರೆಯೂರುಗಳಿಂದ ಅಗ್ನಿಶಾಮಕ ದಳಗಳು ಧಾವಿಸಿದವು. ಆದರೆ ಹಲವರ ಕೊಳವೆಗಳ ತಿರುಪು ಅಲ್ಲಿನ ನೀರಿನ ಬಾಯಿಗೆ ಕೂರಲಿಲ್ಲ. ಸಾವಿರದ ಐನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ನಮ್ಮ ದೇಶ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಅಳತೆಗೆ ಹೊರಳಿತು. ಸೇರು, ಮಣಗಳು ಬಹುಮಟ್ಟಿಗೆ ಮರೆಯಾದರೂ ಇಂಚು ಮಾತ್ರ ಕಬ್ಬಿಣದ ಅಂಗಡಿಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಹಳೆಯ ಅಂಬಾಸಿಡರಿಗೆ ಇಂಚಿನ ಬೋಲ್ಟು. 1983ರಲ್ಲಿ ಜಪಾನಿನ ಸುಜುಕಿಯ ನಂಟಿನೊಡನೆ ಬಂದ ಮಾರುತಿಗೆ ಮಿಲಿಮೀಟರಿನದು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ಹುಡುಗನಿಗೆ ಇತಿಹಾಸ ಗೊತ್ತಿರಲಿಲ್ಲ, ಬೋಲ್ಟು ಗೊತ್ತಿತ್ತು.

ಟರ್ನರ್ ಕೆಟ್ಟ ತೂತನ್ನು ಸ್ವಲ್ಪ ಹಿಗ್ಗಿಸಿ, ಹೊಸ ತ್ರೆಡ್ ಕೊರೆದು, ಅದರೊಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ತಿರುಗಿಸಿ ಇಳಿಸಿದರು. ಆ ಸುರುಳಿಯ ಒಳಮೈ ಮತ್ತೆ ಸರಿಯಾದ ಎಂ 6. ಇನ್ನೊಂದು ತೂತು ಸ್ವಚ್ಛಗೊಳಿಸುವಷ್ಟರಲ್ಲೇ ಸರಿಹೋಯಿತು. ಹುಡುಗ ಅಲ್ಲೇ ಕೊಂಡ ಹೊಸ ಬೋಲ್ಟುಗಳಲ್ಲಿ ಒಂದನ್ನು ನನ್ನ ಕೈಗಿತ್ತು, “ನೀವೇ ಹಾಕಿ ಸಾರ್, ಬೆರಳಲ್ಲೇ” ಎಂದ. ಸ್ಪ್ಯಾನರಿನ ಹಂಗಿಲ್ಲದೆ ಅದು ತಲೆಯವರೆಗೂ ಸಲೀಸಾಗಿ ಇಳಿಯಿತು. ಹೊಂದುವ ಬೋಲ್ಟು ಬೆರಳಿಗೆ ಹೇಗೆ ಅನುಭವಕ್ಕೆ ಬರುತ್ತದೆ ಎಂಬುದು ಅರುವತ್ತರ ವಯಸ್ಸಿನಲ್ಲಿ ನನಗೆ ತಿಳಿಯಿತು.

“ಬೆಳಿಗ್ಗೆ ಅಮ್ಮನ ಎದುರು ಯಾಕಪ್ಪ ಹೇಳಲಿಲ್ಲ?” ಎಂದು ಕೇಳಿದೆ. ಅವನು ಕೈಯೊರೆಸಿಕೊಳ್ಳುತ್ತ, “ಅವರು ನಿಮ್ಮ ಗಾಡೀಲಿ ದಿನಾ ಕೂರಬೇಕಲ್ಲ ಸಾರ್” ಎಂದ. ಹೆಚ್ಚಿಗೆ ಕೊಡಲು ಹೋದ ಹಣವನ್ನು ತೆಗೆದುಕೊಳ್ಳಲಿಲ್ಲ.

ತಾಯಿಗೆ ಹೇಳಲು ನನಗೆ ಎರಡು ವಾರ ಬೇಕಾಯಿತು. ಮಂಡ್ಯದಿಂದ ಹಿಂದಿರುಗುವಾಗ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮದ್ದೂರಿನ ಮೇಲೆ ಹೋಗು” ಎಂದರು. ಅಲ್ಲಿ ಒಂದು ಡಬ್ಬದ ತುಂಬ ವಡೆ ಕಟ್ಟಿಸಿದರು. ತಮಗೆ ಉಪ್ಪು, ಎಣ್ಣೆ ಎರಡೂ ನಿಷಿದ್ಧ, ಒಂದನ್ನೂ ಮುಟ್ಟಲಿಲ್ಲ. ಮಳವಳ್ಳಿಯಲ್ಲಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಲು ಹೇಳಿ, ಇಳಿಯಲಾಗದೆ, ಕಿಟಕಿಯಿಂದಲೇ ಅವನನ್ನು ಕರೆದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ; ಕೇಳಿಸಬಾರದೆಂದೇ ಸ್ವಲ್ಪ ದೂರ ಹೋಗಿ ನಿಂತಿದ್ದೆ.

ಮುಂದೊಂದು ದಿನ ಆ ದಾರಿಯಲ್ಲಿ ಹೋಗುವಾಗ ಕಣ್ಣಿಗೆ ಬಿತ್ತು: ಅವನ ಮೇಜಿನ ಮೇಲೆ ಆ ವಡೆ ಡಬ್ಬದ ಮುಚ್ಚಳ. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಬೇರೊಂದು ಕಾರಿನ ಪ್ಯಾನಿನ ಆಕಾರ, ಸುತ್ತಲೂ ಚುಚ್ಚಿ ನಿಲ್ಲಿಸಿದ ಬೋಲ್ಟುಗಳು.