ಬರವಣಿಗೆಯೂ ಸ್ವಾಧ್ಯಾಯವೇ

ಶ್ರಾವಕರ ನಿತ್ಯ ಷಟ್ಕರ್ಮಗಳಲ್ಲಿ ಸ್ವಾಧ್ಯಾಯವೂ ಒಂದು. ದೇವಪೂಜೆಯನ್ನು ತಪ್ಪದೆ ನಡೆಸುವ ಮನೆಗಳಲ್ಲಿಯೂ ಅದು ಪರ್ವದಿನಗಳಿಗೆ ಸೀಮಿತವಾಗುವುದುಂಟು. ಮಹಾಪ್ರಬಂಧಕ್ಕೆ ತೊಡಗಿದ ತರುಣ ಸಂಶೋಧಕರೂ ಹೀಗೆಯೇ ಬಿಡುವಿನ ದಿನಕ್ಕಾಗಿ ಕಾಯುತ್ತಾರೆ. ಟಿಪ್ಪಣಿಗಳು ಬೆಳೆಯುತ್ತವೆ, ಅಧ್ಯಾಯ ಬೆಳೆಯದು.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶವೆಂದು ಐದು ಬಗೆಯಾಗಿ ಹೇಳುತ್ತದೆ. ಚಿಂತನೆ, ಪುನರಾವರ್ತನೆಗಳು ಏಕಾಂತದಲ್ಲಿ ಸಾಧ್ಯ. ಪ್ರಶ್ನಿಸಲು, ಉಪದೇಶಿಸಲು ಮತ್ತೊಬ್ಬರು ಬೇಕು.

ಜಯಧವಳಾ ಟೀಕೆಯನ್ನು ವೀರಸೇನಾಚಾರ್ಯರು ಸುಮಾರು 20,000 ಶ್ಲೋಕ ಪ್ರಮಾಣದಷ್ಟು ರಚಿಸಿ ಸ್ವರ್ಗಸ್ಥರಾದರು. ಉಳಿದ 40,000ದಷ್ಟನ್ನು ಶಿಷ್ಯರಾದ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಪೂರೈಸಿದರು. ಜಿನಸೇನರ ಮಹಾಪುರಾಣವನ್ನು ಗುಣಭದ್ರಾಚಾರ್ಯರು ಮುಗಿಸಿದರು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೃತಿಕಾರನೊಬ್ಬನೇ, ಆದರೆ ಅವನ ಹಿಂದೆ ಸಂಘವಿತ್ತು.

ಇಂದು ಶಾಸ್ತ್ರದಾನವೆಂದರೆ ಮುದ್ರಣವೆಚ್ಚವೆಂದೇ ಬಹುಜನರು ಭಾವಿಸುತ್ತಾರೆ. ಮುದ್ರಣಕ್ಕೆ ಮೊದಲು ಬರೆಯುವವರಿಗೆ ಹೊತ್ತು ಬೇಕಷ್ಟೆ. ಬಸದಿಯ ಟ್ರಸ್ಟುಗಳು ದಿನಕ್ಕೊಂದು ಗಂಟೆ ಗ್ರಂಥಭಂಡಾರವನ್ನು ತೆರೆದಿಡಲಿ. ಅಭ್ಯಾಸಿಗಳು ಒಟ್ಟಿಗೆ ಕುಳಿತು ಮೌನವಾಗಿ ಬರೆದು, ಕೊನೆಗೆ ಒಬ್ಬರು ಒಂದು ಪುಟವನ್ನು ಓದಿ ಉಳಿದವರ ಪ್ರಶ್ನೆಗಳನ್ನು ಕೇಳಲಿ. ಆ ಹೊತ್ತಿನಲ್ಲಿ ಮನೆಯವರು ಅವರನ್ನು ಬೇರೆ ಕೆಲಸಕ್ಕೆ ಕರೆಯದಿರಲಿ. ಬರೆಯುವವರ ಹೊತ್ತನ್ನು ಕಾಯುವುದೂ ಶಾಸ್ತ್ರದಾನವೇ.