ಹದ

ಸೋದರಮಾವನ ಮಗನ ಮದುವೆಗೆ ಮೂರು ತಿಂಗಳಿತ್ತು. ಅಜ್ಜನ ಒಡಿಕತ್ತಿ ಯಾವತ್ತೋ ತುಕ್ಕು ತಿಂದು ಹೋಗಿತ್ತು. ಯಾರ ಮನೆಯಿಂದಲಾದರೂ ಎರವಲು ತರುವ ಮಾತು ಬಂದಾಗ, 'ನಾನೇ ಮಾಡಿಕೊಡ್ತೀನಿ ಮಾವ' ಎಂದುಬಿಟ್ಟೆ. ಅದುವರೆಗೆ ನಾನು ಮಾಡಿದ್ದು ಎರಡು ಅಡುಗೆ ಚಾಕು. ಅದರಲ್ಲೊಂದು ಈರುಳ್ಳಿಗೂ ಹೆದರುತ್ತಿತ್ತು.

ಒಡಿಕತ್ತಿ ಕೊಡವರ ಯುದ್ಧದ ಆಯುಧ. ಅಗಲವಾದ ಅಲಗು ಮುಂದಕ್ಕೆ ಬಾಗಿರುತ್ತದೆ, ಹರಿತ ಒಳಬಾಗಿನ ಕಡೆ. ಒರೆಯಿಲ್ಲ, ಸೊಂಟದ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಈಗ ಯುದ್ಧವಿಲ್ಲ. ಕೈಲ್ ಮುಹೂರ್ತದಲ್ಲಿ ಪೂಜೆ, ಮದುವೆಯಲ್ಲಿ ಬಾಳೆ ಬಿರುದು. ನೆಟ್ಟ ಬಾಳೆದಿಂಡನ್ನು ಒಂದೇ ಏಟಿಗೆ ಕಡಿಯಬೇಕು. ಸುತ್ತ ನೆಂಟರು, ಮಕ್ಕಳು.

ಗುಜರಿಯಿಂದ ಲಾರಿಯ ಕಮಾನು ಪಟ್ಟಿ ತಂದೆ. ಪರಿಚಯದ ಆಚಾರಿ ತಮ್ಮ ಕುಲುಮೆಯಲ್ಲಿ ಜಾಗ ಕೊಟ್ಟರು. ಬಡಿದದ್ದು, ಉಜ್ಜಿದ್ದು, ಅಂಗೈ ಬೊಬ್ಬೆ ಎದ್ದದ್ದು ಹೇಳುವಂಥದ್ದೇನಲ್ಲ. ಆಕಾರ ಬಂತು, ಫೋಟೋ ತೆಗೆದು ಮಾವನಿಗೆ ಕಳಿಸಿಯೂ ಆಯಿತು.

ಹದ ಕೊಡುವ ದಿನ ಆಚಾರಿ ಸಂತೆಗೆ ಹೋಗಿದ್ದರು. ನನಗೆ ತಡೆಯಲಾಗಲಿಲ್ಲ. ಮಟಮಟ ಮಧ್ಯಾಹ್ನ, ಬಾಗಿಲು ತೆರೆದೇ ಇತ್ತು. ಬಿಸಿಲಲ್ಲಿ ಕೆಂಪು ಮಂಕಾಗಿ ಕಂಡು, ಇನ್ನೂ ಕಾಯಲಿ ಎಂದು ತಿದಿ ಒತ್ತಿದೆ. ಆಮೇಲೆ ಬಕೆಟ್ಟಿನ ನೀರಿಗೆ ಅದ್ದಿದೆ. 'ಟಿಣ್' ಎಂದಿತು.

ಕೂದಲೆಳೆಯಷ್ಟು ಬಿರುಕು, ಹಿಡಿಯ ಹತ್ತಿರ. ಉಜ್ಜಿ ಹೊಳಪು ಕೊಟ್ಟರೆ ಕಾಣುತ್ತಲೇ ಇರಲಿಲ್ಲ. ಸುಳ್ಳೇಕೆ, ಅರ್ಧ ಗಂಟೆ ಉಜ್ಜಿದೆ ಕೂಡ. ಕಡಿಯುವುದು ಬಾಳೆ ತಾನೇ, ಮರವಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಸಂಜೆ ಆಚಾರಿ ಬಂದವರು ಅದನ್ನು ನೋಡಲೇ ಇಲ್ಲ. ಬೆರಳಿಂದ ತಟ್ಟಿ, ಕಿವಿಗೊಟ್ಟರು. 'ಒಡೆದ ಮಡಕೆ ಸದ್ದು. ಬೀಸೋದು ಯಾರು?'

'ಮಾವ.'

ಅವರು ಮತ್ತೇನೂ ಹೇಳದೆ ಸುತ್ತಿಗೆ ನನ್ನ ಕೈಗೆ ಕೊಟ್ಟು ಚಹಾಕ್ಕೆ ಹೋದರು. ಇಕ್ಕಳದಲ್ಲಿ ಬಿಗಿದು ಹೊಡೆದೆ. ಒಂದೇ ಏಟಿಗೆ ಎರಡು ತುಂಡು. ಒಳಗೆ ಕಲ್ಲುಸಕ್ಕರೆ ಪುಡಿಯಂತೆ ದಪ್ಪ ಹರಳು. ಅತಿಯಾಗಿ ಕಾಯ್ದ ಉಕ್ಕು ಹೀಗಾಗುತ್ತದಂತೆ. ಸರಿಯಾದದ್ದು ಮುರಿದರೆ ನುಣ್ಣಗೆ, ಬೂದುಬಣ್ಣಕ್ಕಿರುತ್ತದೆ.

ಎರಡನೆಯದಕ್ಕೆ ಕತ್ತಲಾಗುವವರೆಗೆ ಕಾದೆವು. ನಾನು ತಂತಿಗೆ ಅಯಸ್ಕಾಂತ ಕಟ್ಟಿಕೊಂಡು ಕೂತಿದ್ದೆ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕಿಂತ ಸ್ವಲ್ಪವೇ ಮೇಲೆ ಹೋಗಬೇಕು. ಆಚಾರಿ ಬಣ್ಣ ನೋಡಿ 'ಈಗ' ಎಂದಾಗ ಅಯಸ್ಕಾಂತ ಆಗಷ್ಟೇ ಜಾರಿತ್ತು. ಈ ಸಲ ಬೆಚ್ಚಗಿನ ಎಣ್ಣೆ. ಸದ್ದಿಲ್ಲ. ಆಮೇಲೆ ಬೆನ್ನ ಕಡೆಯಿಂದ ಮೆಲ್ಲಗೆ ಕಾಯಿಸಿ, ಬೆನ್ನು ನೀಲಿಗೆ, ಬಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವಾಗ ನಿಲ್ಲಿಸಿದೆವು. ಮಳೆ ಬಿದ್ದ ಗದ್ದೆಗೂ ಬೆಲ್ಲದ ಪಾಕಕ್ಕೂ ಇದಕ್ಕೂ ನಮ್ಮಲ್ಲಿ ಒಂದೇ ಮಾತು, ಹದ.

ಮದುವೆಯ ದಿನ ನಾನು ಬಾಳೆ ನೋಡಲಿಲ್ಲ, ಮಕ್ಕಳು ಎಷ್ಟು ದೂರ ನಿಂತಿದ್ದಾರೆಂದು ನೋಡಿದೆ. ದಿಂಡು ಉರುಳಿತು. ಮಾವ ಅಲಗಿಗೆ ಅಂಟಿದ ಬಾಳೆಕರೆ ಒರೆಸುತ್ತ, 'ಫೋಟೋದಲ್ಲಿ ಹಿಡಿ ಹತ್ತಿರ ಬೇರೆ ಥರ ಇತ್ತಲ್ಲೋ' ಎಂದರು.

ಮೊದಲಿನದರ ತುಂಡು ಈಗಲೂ ಕುಲುಮೆಯ ಗೋಡೆಯಲ್ಲಿ ನೇತಾಡುತ್ತಿದೆ. ಗಿರಾಕಿಗಳು ಕೇಳಿದರೆ ಆಚಾರಿ ನನ್ನ ಹೆಸರನ್ನೇ ಹೇಳುತ್ತಾರೆ.