ಗಿಡಕ್ಕೊಂದು ಊರುಗೋಲು

1898ರ ಪ್ಲೇಗಿನ ತರುವಾಯ ಬೆಂಗಳೂರು ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ತೊರೆದು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದು ನೆಲಸಿದ ಸಂಸಾರಗಳಿಗೆ ಗಾಳಿಬೆಳಕುಗಳೊಡನೆ ಲಭಿಸಿದ ಮತ್ತೊಂದು ಭಾಗ್ಯವೆಂದರೆ ಮನೆಯ ಮುಂದಿನ ಅಂಗಳ ಮತ್ತು ಹಿಂದಿನ ಹಿತ್ತಲು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಕಂಡು ಬಂದ ಯಜಮಾನನ ಉತ್ಸಾಹದಿಂದ ಅಂಗಳದಲ್ಲಿ ಡೇಲಿಯಾಗಳು ಎದ್ದರೆ, ಗೃಹಿಣಿಯ ಅಧಿಕಾರಕ್ಕೊಳಪಟ್ಟ ಹಿತ್ತಲಿನಲ್ಲಿ ಅವರೆ, ಹೀರೆ, ಪಡವಲಗಳು ಹಬ್ಬಿದುವು. ಈ ಉಭಯ ವರ್ಗಕ್ಕೂ ಆಸರೆ ಬೇಕು. ಆ ಆಸರೆಯನ್ನು ಅಂಗಡಿಯಿಂದ ಕೊಂಡು ತರುವುದಕ್ಕಿಂತ ಹಿತ್ತಲಿನಲ್ಲಿ ದೊರೆಯುವ ಸಾಮಗ್ರಿಯಿಂದಲೇ ಮಾಡಿಕೊಳ್ಳುವುದು ಉತ್ತಮವೆಂಬುದು ನನ್ನ ದೃಢವಾದ ನಂಬಿಕೆ. ಹಣದ ಉಳಿತಾಯ ಅದಕ್ಕೆ ಕಡೆಯ ಕಾರಣ.

ಡೇಲಿಯಾದ ಕಾಂಡ ಒಳಗೆ ಟೊಳ್ಳು. ಹೂವೋ ಬಹುದಳಗಳ ಭಾರದ್ದು. ಮಳೆನೀರು ದಳಗಳ ನಡುವೆ ನಿಂತು, ಅದರ ಮೇಲೆ ಆಷಾಢದ ಗಾಳಿಯೂ ಬೀಸಿತೆಂದರೆ ಗಿಡ ಗೆಣ್ಣಿನ ಬಳಿಯೇ ಮುರಿದು ಬೀಳುವುದುಂಟು. ಆದುದರಿಂದ ಗೆಡ್ಡೆಯನ್ನು ಹೂಳುವ ದಿನವೇ ಪಕ್ಕದಲ್ಲಿ ಬಿದಿರು ದಬ್ಬೆಯನ್ನೂ ಊರತಕ್ಕದ್ದು. ಗಿಡ ಬೆಳೆದ ಮೇಲೆ ಕೋಲು ಹಿಡಿದು ಹೊರಟರೆ ಮಣ್ಣಿನೊಳಗೆ ಕಾಣದಿರುವ ಗೆಡ್ಡೆಯನ್ನು ಇರಿಯುವ ಅಪಾಯವಿದೆ. ಕಟ್ಟುವುದಕ್ಕೆ ಗಾಂಧಿ ಬಜಾರಿನ ಹೂವಾಡಗಿತ್ತಿಯರು ಮಲ್ಲಿಗೆ ಕಟ್ಟುವ ಬಾಳೆನಾರಿಗಿಂತ ಮಿಗಿಲಾದುದಿಲ್ಲ. ಒಣಗಿದ ಪಟ್ಟೆಯಿಂದ ಸೀಳಿದ ನಾರನ್ನು ನೀರಿನಲ್ಲಿ ನೆನೆಸಿ ಮೆದುಮಾಡಿ, ಮೊದಲು ಕೋಲಿಗೆ ಬಿಗಿಯಾಗಿ ಗಂಟಿಕ್ಕಿ, ಬಳಿಕ 8ರ ಆಕಾರದಲ್ಲಿ ನಡುವೆ ಒಮ್ಮೆ ತಿರುವಿ ಕಾಂಡವನ್ನು ಬಳಸಬೇಕು. ಕಾಂಡಕ್ಕೂ ನಾರಿಗೂ ನಡುವೆ ಕಿರುಬೆರಳು ಆಡುವಷ್ಟು ಎಡೆಯಿರಬೇಕು. ಕಾಂಡ ದಪ್ಪವಾಗುವುದಕ್ಕೆ ಈ ಸಡಿಲ ಅವಶ್ಯಕ. ಅದಕ್ಕಿಂತ ಮುಖ್ಯವಾಗಿ, ಗಾಳಿಗೆ ಅಷ್ಟಿಷ್ಟು ತೂಗಾಡಿದ ಕಾಂಡವೇ ಬಲಿಯುವುದು.

ಬಳ್ಳಿಗಳಿಗೆ ಈ ವಿದ್ಯೆಯನ್ನು ನಾವು ಕಲಿಸಬೇಕಾಗಿಲ್ಲ. ಅವರೆಯ ಬಳ್ಳಿ ತನ್ನ ಕಾಂಡದಿಂದಲೇ ಆಸರೆಯನ್ನು ಸುತ್ತಿ ಏರಿದರೆ, ಹೀರೆ ಪಡವಲಗಳು ಕುಡಿಬಳ್ಳಿಗಳನ್ನು ಚಾಚಿ ಹಿಡಿಯುತ್ತವೆ. ಹಿಡಿದ ಕುಡಿ ಅರ್ಧಭಾಗ ಒಂದು ದಿಕ್ಕಿಗೆ, ಉಳಿದರ್ಧ ವಿರುದ್ಧ ದಿಕ್ಕಿಗೆ ಸುರುಳಿಗೊಂಡು ಸ್ಪ್ರಿಂಗಿನಂತೆ ಗಾಳಿಗೆ ಎಳೆದು ಬಿಡುವುದನ್ನು ಡಾರ್ವಿನ್ ಮಹಾಶಯನು 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸವಿಸ್ತಾರವಾಗಿ ವರ್ಣಿಸಿದ್ದಾನೆ. ಇಂಥ ಎಳೆಯ ಕುಡಿಗೆ ನುಣುಪಾದ, ಬಿಸಿಲಿಗೆ ಕಾಯುವ ಕಬ್ಬಿಣದ ಸರಳನ್ನು ಒಡ್ಡುವುದು ನಿರ್ದಯವೆಂದೇ ಹೇಳುತ್ತೇನೆ. ಸೀಬೆಯದೋ ದಾಸವಾಳದ್ದೋ ಕವಲೊಡೆದ ಒಣಗಡ್ಡಿಯೇ ಅದಕ್ಕೆ ಪ್ರಿಯ. ಮನೆ ಕಟ್ಟುವಲ್ಲಿ ಉಳಿದ ಸರ್ವೆ ಗಳುಗಳನ್ನು ನಾಲ್ಕು ಮೂಲೆಗೆ ನೆಟ್ಟು, ಮೇಲೆ ತೆಂಗಿನ ಹುರಿಯನ್ನು ಅಡ್ಡಡ್ಡ ಬಿಗಿದರೆ ಪಡವಲಕ್ಕೆ ಚಪ್ಪರ ಸಿದ್ಧವಾಯಿತು. ಕಾಯಿ ಡೊಂಕಾಗುವ ಸೂಚನೆ ಕಂಡೊಡನೆ ತುದಿಗೊಂದು ಸಣ್ಣ ಕಲ್ಲನ್ನು ದಾರದಿಂದ ತೂಗಬಿಟ್ಟರೆ ಅದು ನೇರವಾಗಿ ಇಳಿಯುತ್ತದೆ.

ಅವರೆಗೆ ನುಗ್ಗೆಯ ಹಸಿಕೊಂಬೆಯನ್ನೇ ಊರುಗೋಲಾಗಿ ನೆಡುವವರುಂಟು. ತೇವವಿದ್ದರೆ ಅದೂ ಬೇರೂರಿ ಚಿಗುರುತ್ತದೆ. ನೆರಳು ಅವರೆಯ ಹೂವಿಗೆ ತೊಡಕಾಗದಂತೆ ಆ ಚಿಗುರನ್ನು ಆಗಾಗ್ಗೆ ಮುರಿಯುತ್ತಿರಬೇಕು; ಮುರಿದ ಸೊಪ್ಪು ಬೇಳೆಯೊಡನೆ ಪಲ್ಯಕ್ಕಾಯಿತು.